ಉಗುರು ಸಿಕ್ಕುವ ಗೀರು

ತೂರಾನ್‌ಗೆ ಹೆದರಿಕೆ ಹುಟ್ಟಿನಿಂದಲೇ ಬಂದದ್ದು. ಗುಡುಗಿಗೆ ಹೆದರುತ್ತಿದ್ದಳು, ಬೀದಿನಾಯಿಗೆ ಹೆದರುತ್ತಿದ್ದಳು, ಸರ್ಕಾರಿ ಲಕೋಟೆ ಕಂಡರೆ ಹೆದರುತ್ತಿದ್ದಳು. ಪಕ್ಕದ ಮನೆಯವಳು ಒಂದು ದಿನ ಮಾತಾಡಿಸದೆ ಹೋದರೆ ಅದಕ್ಕೂ ರಾತ್ರಿಯೆಲ್ಲ ನಿದ್ದೆಗೆಡುತ್ತಿದ್ದಳು. ಶಿರಾಜಿನ ಆ ಓಣಿಯ ಹೆಂಗಸರು, "ತೂರಾನ್ ತನ್ನ ನೆರಳು ಕಂಡರೂ ಬಿಸ್ಮಿಲ್ಲಾ ಅಂತಾಳೆ" ಎಂದು ನಗುತ್ತಿದ್ದರು. ಆದರೆ ಕನ್ನಡಿಯ ಮುಂದೆ ಕೂತಾಗ ಅವಳ ಕೈ ನಡುಗಿದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ.

ಕನ್ನಡಿ ಕೆಲಸ ಅವಳಿಗೆ ಅಪ್ಪನಿಂದ ಬಂದದ್ದು. ಗಂಡ ತೀರಿಕೊಂಡ ಮೇಲೆ ಹನ್ನೊಂದು ವರ್ಷ ಅವಳಿಗೂ ಮಗಳು ಶಹ್ಲಾಗೂ ಅನ್ನ ಹಾಕಿದ್ದು ಅದೇ. ಹೊಸವರ್ಷದ ನೌರೂಜ್ ಹಬ್ಬ ಹತ್ತಿರವಾಗಿ ಮನೆಮನೆಯಲ್ಲಿ ಜಮಖಾನೆ ಕೊಡವಲು ಶುರುವಾಯಿತೆಂದರೆ ತೂರಾನ್‌ಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರುತ್ತಿರಲಿಲ್ಲ. ಹಬ್ಬದ ಮೇಜಿನ ಮೇಲೆ ಕನ್ನಡಿ ಇಡುವುದು ಪದ್ಧತಿ, ಗೀರುಬಿದ್ದದ್ದನ್ನು ಇಡಲು ಯಾರಿಗೂ ಮನಸ್ಸಿಲ್ಲ. ಅದನ್ನು ಗೀರದ ಹಾಗೆ ಒರೆಸುವ ತಾಳ್ಮೆಯೂ ಯಾರಿಗೂ ಇಲ್ಲ. ಒಣಬಟ್ಟೆ ಹಿಡಿದು ಧೂಳಿನ ಮೇಲೆ ಗಸಗಸ ಉಜ್ಜುತ್ತಾರೆ. ಆ ಧೂಳು ಮರಳಲ್ಲದೆ ಮತ್ತೇನು? ಮೊದಲು ನೀರು ಚಿಮುಕಿಸಿ ಧೂಳು ಇಳಿಸಿ, ಆಮೇಲೆ ಒದ್ದೆಮಾಡಿದ ಹಳೆಯ ಹತ್ತಿಬಟ್ಟೆಯಿಂದ ಮೇಲಿಂದ ಕೆಳಗೆ ಒರೆಸಿ ಎಂದು ಹೇಳಿ ಹೇಳಿ ಅವಳ ಬಾಯಿ ಸವೆದಿತ್ತು. ಎಲ್ಲಕ್ಕಿಂತ ಮೊದಲು ಬಳೆ, ಉಂಗುರ ಬಿಚ್ಚಿಡಿ ಎನ್ನುತ್ತಿದ್ದಳು.

ಗೀರು ಬಿದ್ದ ಕನ್ನಡಿ ತಂದರೆ ಅದಕ್ಕೆ ಅಡ್ಡಲಾಗಿ ಉಗುರು ಎಳೆದು ನೋಡುತ್ತಿದ್ದಳು. ಉಗುರು ಜಾರಿಹೋದರೆ ಸರಿ. ಗಾಜಿಗೆ ಹೊಳಪು ಕೊಡುವ ಕೆಂಪು ಪುಡಿಯನ್ನು ನೀರಿನಲ್ಲಿ ಕಲಸಿ, ಉಣ್ಣೆಯ ದಪ್ಪ ತುಂಡಿನಿಂದ ಸಣ್ಣ ಸುತ್ತುಗಳಲ್ಲಿ ಹಗುರವಾಗಿ ತಿಕ್ಕುವಳು. ನಡುನಡುವೆ ಅಂಗೈ ಇಟ್ಟು ನೋಡುವಳು, ಗಾಜು ಬಿಸಿಯಾದರೆ ಹಿಂದಿನ ಬೆಳ್ಳಿಲೇಪ ಎದ್ದುಬಿಡುತ್ತದೆ. ಉಗುರು ಸಿಕ್ಕಿಕೊಂಡರೆ ಮಾತ್ರ ಮುಟ್ಟುತ್ತಿರಲಿಲ್ಲ. "ಇದು ಹೋಗಲ್ಲ ಖಾನುಮ್. ಉಜ್ಜಿದ್ರೆ ತಗ್ಗು ಬೀಳುತ್ತೆ. ಈಗ ಬರೀ ಗೀರು ಕಾಣ್ತಿದೆ, ಆಮೇಲೆ ನಿಮ್ಮ ಮೂಗೇ ಸೊಟ್ಟ ಕಾಣುತ್ತೆ" ಎಂದು ವಾಪಸ್ ಕಳಿಸುತ್ತಿದ್ದಳು.

ಆ ವಸಂತದಲ್ಲಿ ಶಹ್ಲಾಗೆ ಮದುವೆ ಗೊತ್ತಾಯಿತು. ಹುಡುಗ ಇರಜ್ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ, ಒಳ್ಳೆಯವನು, ಮಾತು ಕಡಿಮೆ. ಆ ಮನೆಯ ಮಾತನ್ನೆಲ್ಲ ಅವನ ಅಜ್ಜಿ ಇಫ್ಫತ್ ಖಾನುಮ್ ಒಬ್ಬಳೇ ಆಡಿ ಮುಗಿಸುತ್ತಿದ್ದಳು. ತಾಯಿಯಿಲ್ಲದ ಮೊಮ್ಮಕ್ಕಳನ್ನು ಸಾಕಿದವಳು ಅವಳೇ, ಹೆಣ್ಣು ಹುಡುಕುವವಳೂ ಅವಳೇ, ಬೇಡವೆನ್ನುವವಳೂ ಅವಳೇ. ಹಿರಿಯ ಮೊಮ್ಮಗನ ನಿಕಾದ ದಿನ ಹೆಣ್ಣಿನ ಮನೆಯಲ್ಲಿ ಕನ್ನಡಿಯ ಪಕ್ಕದ ಮೇಣದಬತ್ತಿ ತಾನಾಗಿ ಆರಿಹೋಯಿತೆಂದು ಅವಳು ದಿಬ್ಬಣವನ್ನೇ ಹಿಂದಕ್ಕೆ ತಿರುಗಿಸಿಕೊಂಡು ಹೋಗಿದ್ದಳು. ಆ ಹುಡುಗಿ ಇನ್ನೂ ತವರಲ್ಲೇ ಇದ್ದಾಳೆ, ತಂಗಿಯರ ಮಕ್ಕಳನ್ನು ಎತ್ತಿ ಆಡಿಸುತ್ತ.

ಇದೆಲ್ಲ ಗೊತ್ತಿದ್ದ ನೆರೆಯ ಬತೂಲ್ ಬಂದು ಕಿವಿಯಲ್ಲಿ ಊದಿದಳು. "ಆ ಮುದುಕೀದು ಉಪ್ಪು ಕಣ್ಣು ಕಣೇ. ಕುಂಡದ ಗಿಡ ಚೆನ್ನಾಗಿದೆ ಅಂದ್ರೆ ಸಂಜೆಗೆ ಬಾಡುತ್ತೆ. ನಿನ್ನ ಫಿರೋಜಾ ಉಂಗುರ ಹಾಕ್ಕೋ. ನಿಕಾ ಮುಗಿಯೋವರೆಗೆ ಕೈಯಿಂದ ತೆಗೀಬೇಡ."

ತೂರಾನ್ ಪೆಟ್ಟಿಗೆಯ ತಳದಿಂದ ನೀಲಿ ಹರಳಿನ ಉಂಗುರ ತೆಗೆದು ಹಾಕಿಕೊಂಡಳು. ದೃಷ್ಟಿಗೆ ಅದಕ್ಕಿಂತ ದೊಡ್ಡ ಕಾವಲಿಲ್ಲ ಎಂದು ಅವಳ ಅಮ್ಮನೂ ನಂಬಿದ್ದಳು.

ನಿಕಾದ ಹಿಂದಿನ ದಿನ ಇಫ್ಫತ್ ಖಾನುಮ್ ಇಬ್ಬರು ಆಳುಗಳಿಂದ ಮದುವೆ ಕನ್ನಡಿ ಹೊರಿಸಿಕೊಂಡು ಬಂದಳು. ಎದೆಯೆತ್ತರದ ಕನ್ನಡಿ, ಸುತ್ತ ಬೆಳ್ಳಿಯ ಚೌಕಟ್ಟು. ಮದುಮಗಳು ಮುಸುಕು ಸರಿಸಿದಾಗ ಗಂಡಿನ ಮುಖವನ್ನು ಮೊದಲು ನೋಡುವುದು ಅದರಲ್ಲೇ. ಮುದುಕಿ ಸಕ್ಕರೆತುಂಡನ್ನು ದವಡೆಗಿಟ್ಟುಕೊಂಡು ಚಹಾ ಹೀರಿದಳು.

"ಇದರೊಳಗೇ ನಾನು ನಮ್ಮನೆಯವರ ಮುಖ ನೋಡಿದ್ದು. ನನ್ನ ಮಗ ಅವನ ಹೆಂಡತೀನ ನೋಡಿದ್ದೂ ಇದರೊಳಗೇ. ಕೂದಲೆಳೆ ಗೀರಿಲ್ಲ, ನೋಡ್ಕೋ" ಎಂದಳು. "ಸ್ವಲ್ಪ ಧೂಳು ಕೂತಿದೆ, ಒರೆಸಿಡು. ಊರಿನ ಕನ್ನಡಿಯೆಲ್ಲ ಬೆಳಗೋಳಿಗೆ ನಾನು ಹೇಳಿಕೊಡ್ಬೇಕಾ?"

"ಇಲ್ಲ ಖಾನುಮ್, ಒರೆಸ್ತೀನಿ."

"ನಾಳೆ ಒಂದು ಗೀರು ಕಂಡರೂ ಕನ್ನಡೀನೂ ವಾಪಸ್ ಒಯ್ತೀನಿ, ಮೊಮ್ಮಗನ್ನೂ ವಾಪಸ್ ಒಯ್ತೀನಿ." ಮುದುಕಿ ನಗುತ್ತಲೇ ಹೇಳಿದಳು. ನಗುವುದೂ ಕೊಲ್ಲುವುದೂ ಅವಳಿಗೆ ಒಂದೇ ಮುಖದಲ್ಲಿ ಬರುತ್ತಿತ್ತು.

ಮರುದಿನ ಬೆಳಗಿನ ನಮಾಜು ಮುಗಿಸಿ ತೂರಾನ್ ಕೆಲಸಕ್ಕೆ ಕೂತಳು. ಕನ್ನಡಿಯ ಕೆಳಗೆ ಕಂಬಳಿ ಹಾಸಿದಳು. ನೀರು ಚಿಮುಕಿಸಿ ಧೂಳು ಇಳಿಸಿದಳು. ಬಳೆ ಬಿಚ್ಚಿಟ್ಟಳು. ಉಂಗುರಕ್ಕೆ ಕೈ ಹಾಕಿದಳು, ಬತೂಲ್ ಹೇಳಿದ್ದು ನೆನಪಾಯಿತು, ಕೈ ಹಿಂದೆ ತೆಗೆದಳು. ಹನ್ನೊಂದು ವರ್ಷ ಊರಿಗೆಲ್ಲ ಹೇಳಿದ ಬುದ್ಧಿ ಆ ಒಂದು ಬೆಳಗ್ಗೆ ಅವಳಿಗೇ ಉಪಯೋಗಕ್ಕೆ ಬರಲಿಲ್ಲ. ಮೂರನೆಯ ಸಲ ಬಟ್ಟೆ ಎಳೆಯುವಾಗ ಕಿರ್ರ್ ಎಂದಿತು.

ನಾಲ್ಕು ಬೆರಳಗಲದ ಗೀರು. ಮದುಮಗನ ಕೆನ್ನೆ ಬರುವ ಜಾಗದಲ್ಲೇ. ಹರಳನ್ನು ಹಿಡಿದಿದ್ದ ಬೆಳ್ಳಿಯ ಒಂದು ಹಲ್ಲು ಎದ್ದು ಅದರಡಿ ಮರಳಿನ ಕಾಳು ಸಿಕ್ಕಿಕೊಂಡಿತ್ತು, ಅವಳು ನೋಡಿರಲಿಲ್ಲ.  ಉಗುರು ಅಡ್ಡ ಎಳೆದಳು. ಸಿಕ್ಕಿಕೊಂಡಿತು. ಇನ್ನೊಮ್ಮೆ ಎಳೆದಳು, ಆಗಲೂ ಸಿಕ್ಕಿಕೊಂಡಿತು.

ಬೇರೆಯವರ ಕನ್ನಡಿಯಾಗಿದ್ದರೆ ಕೈ ಬಿಡುತ್ತಿದ್ದಳು. ಈಗ ತವರಲ್ಲೇ ಉಳಿದ ಆ ಇನ್ನೊಬ್ಬ ಹುಡುಗಿಯ ಮುಖ ಕಣ್ಣಮುಂದೆ ಬಂತು. ಕೆಂಪು ಪುಡಿ ಕಲಸಿ ಉಜ್ಜಲು ಕೂತೇಬಿಟ್ಟಳು. ಬಿಸಿಲು ಅಂಗಳದ ನಾರಿಂಗಿ ಮರಕ್ಕೆ ಏರುವವರೆಗೂ ಉಜ್ಜಿದಳು. ಗೀರು ಮಸುಕಾಯಿತೇ ಹೊರತು ಹೋಗಲಿಲ್ಲ, ಸುತ್ತಲೂ ತಗ್ಗು ಬೇರೆ ಬಿತ್ತು. ನಿಕಾಗೆಂದು ಹಾಕಿಟ್ಟಿದ್ದ ಮದುಮಗನ ಪೀಠದ ಮೇಲೆ ನೀರಿನ ಹೂಜಿ ಇಟ್ಟು, ತಾನು ಮದುಮಗಳ ಪೀಠದ ಮೇಲೆ ಕೂತು ನೋಡಿದಳು. ಹೂಜಿಯ ಕತ್ತು ಯಾರೋ ಹಿಂಡಿದ ಹಾಗೆ ವಕ್ರವಾಗಿ ಕಂಡಿತು.  ಬೇಗ ಬೇಗ ಕನ್ನಡಿಗೆ ಬಿಳಿಬಟ್ಟೆ ಹೊದಿಸಿದಳು.

ಶಹ್ಲಾ ಎದ್ದು ಬಂದವಳು ಅಮ್ಮನ ಕೈ ನೋಡಿದಳು. "ಏನಮ್ಮ, ಕೈಯೆಲ್ಲ ಕೆಂಪು?"

"ದಾಳಿಂಬೆ ಬಿಡಿಸ್ತಿದ್ದೆ."

ನಾರಿಂಗಿ ಹೂ ಬಿಡುವ ಕಾಲದಲ್ಲಿ ದಾಳಿಂಬೆ ಎಲ್ಲಿಂದ ಬರಬೇಕು? ಶಹ್ಲಾ ಬಟ್ಟೆ ಹೊದಿಸಿದ ಕನ್ನಡಿಯ ಕಡೆ ಒಮ್ಮೆ ನೋಡಿದಳು. "ಕೈ ತೊಳ್ಕೋ, ಜನ ಬರೋ ಹೊತ್ತಾಯ್ತು" ಎಂದಷ್ಟೇ ಹೇಳಿ ಒಳಗೆ ಹೋದಳು.

ಮದುಮಗನ ಪೀಠವನ್ನು ಒಂದು ಗೇಣು ಆಚೆ ಸರಿಸಿದರೆ ಮುಖ ತಗ್ಗಿನಿಂದ ತಪ್ಪಿಸಿಕೊಳ್ಳುತ್ತದೆ ಎಂದು ತೂರಾನ್ ಲೆಕ್ಕ ಹಾಕಿ ಸರಿಸಿಟ್ಟಳು. ಮಧ್ಯಾಹ್ನ ಇಫ್ಫತ್ ಖಾನುಮ್ ಒಳಗೆ ಬಂದವಳೇ, "ಇದೇನು, ನನ್ನ ಮೊಮ್ಮಗ ಗೋಡೆಗೆ ಅಂಟಿಕೊಂಡು ಕೂರ್ಬೇಕಾ?" ಎಂದು ಕಾಲಿನಿಂದಲೇ ಪೀಠವನ್ನು ನೂಕಿ ಮೊದಲಿದ್ದ ಜಾಗಕ್ಕೆ ತಂದಳು. 

ಮದುಮಕ್ಕಳು ಕನ್ನಡಿಗೆ ಎದುರಾಗಿ ಕೂತರು. ಮುತ್ತೈದೆಯರು ಅವರ ತಲೆಯ ಮೇಲೆ ಬಿಳಿಬಟ್ಟೆ ಹಿಡಿದು, ಬಾಳು ಸಿಹಿಯಾಗಲೆಂದು ಅದರ ಮೇಲೆ ಸಕ್ಕರೆಯ ಅಚ್ಚು ಉಜ್ಜತೊಡಗಿದರು. ವಿಧವೆ ಆ ಬಟ್ಟೆ ಮುಟ್ಟುವಂತಿಲ್ಲ; ತೂರಾನ್ ಮಗಳ ಹಿಂದೆ, ಗೋಡೆಗೆ ಆತುಕೊಂಡು ನಿಂತಳು. ಕನ್ನಡಿಯ ಹೊದಿಕೆ ತೆಗೆದರು. ಶಹ್ಲಾ ಮುಸುಕು ಸರಿಸಿ ಕಣ್ಣೆತ್ತಿದಳು.

ಮದುವೆಗೆ ಒಪ್ಪಿಗೆಯೇ ಎಂದು ಮುಲ್ಲಾ ಮದುಮಗಳನ್ನು ಮೂರು ಸಲ ಕೇಳಬೇಕು. ಮೊದಲ ಸಲಕ್ಕೆ, ಮದುಮಗಳು ಹೂ ಕೊಯ್ಯಲು ಹೋಗಿದ್ದಾಳೆ ಎಂದು ಹೆಂಗಸರು ಕೂಗಬೇಕು. ಎರಡನೆಯದಕ್ಕೆ, ಗುಲಾಬಿನೀರು ತರಲು ಹೋಗಿದ್ದಾಳೆ ಎನ್ನಬೇಕು. ಹೆಣ್ಣು ಬಾಯಿ ಬಿಡುವುದು ಮೂರನೆಯದಕ್ಕೇ. ಅಷ್ಟು ಹೊತ್ತೂ ಅವಳು ಕನ್ನಡಿಯನ್ನೇ ನೋಡುತ್ತ ಕೂತಿರಬೇಕು. ಅಷ್ಟರಲ್ಲಿ ಮಗಳ ಮುಖ ಬಾಡೀತು, ಇರಜ್ ಬಗ್ಗಿ ಗೀರು ನೋಡಿಯಾನು, ಮುದುಕಿ ಎದ್ದಾಳು. ತೂರಾನ್‌ನ ಮೊಣಕಾಲುಗಳು ಕುಸಿಯುತ್ತಿದ್ದವು.

ಮುಲ್ಲಾ ಮೊದಲ ಸಲ ಕೇಳಿದ. ಹೂವಿನ ಮಾತು ಹೇಳಲು ಬತೂಲ್ ಬಾಯಿ ತೆರೆದಳು. ಅವಳಿಗಿಂತ ಮುಂಚೆ ಶಹ್ಲಾ ಹೇಳಿಬಿಟ್ಟಳು. "ಹಿರಿಯರ ಅಪ್ಪಣೆಯಿಂದ, ನಮ್ಮಮ್ಮನ ಅಪ್ಪಣೆಯಿಂದ, ಹ್ಞೂಂ."

ಸಕ್ಕರೆ ಉಜ್ಜುವ ಕೈಗಳು ನಿಂತವು. ಒಬ್ಬಳು ಹಿಡಿದಿದ್ದ ಬಟ್ಟೆಯ ಮೂಲೆ ಬಿಟ್ಟಳು. ಮುಲ್ಲಾ ಗಂಟಲು ಸರಿಮಾಡಿಕೊಂಡು ಮುಂದಿನದನ್ನು ಓದಿ ಮುಗಿಸಿದ. ಓದು ಮುಗಿದದ್ದೇ ತಡ, ಇಫ್ಫತ್ ಖಾನುಮ್ ಬಾಯಿ ಬಿಚ್ಚಿದಳು.

"ಹುಡುಗಿ ಕಾದ ಹೆಂಚಿನ ಮೇಲೆ ಕೂತಿದ್ಳೇನೋ. ನಾಚಿಕೆ ಬಜಾರಲ್ಲಿ ಸಿಗೋದಾಗಿದ್ರೆ ಒಂದು ಸೇರು ನಾನೇ ತಂದುಕೊಡ್ತಿದ್ದೆ."

ಹೆಂಗಸರು ಬಾಯಿಗೆ ಚಾದರದ ಅಂಚು ಹಿಡಿದು ನಕ್ಕರು. ತೂರಾನ್ ಬಗ್ಗಿ ಮಗಳ ಹಣೆಗೆ ಮುತ್ತಿಟ್ಟಳು. "ಯಾಕೆ ಹಾಗೆ ಮಾಡ್ದೆ?" ಎಂದು ಪಿಸುಗುಟ್ಟಿದಳು.

"ಕನ್ನಡೀಲಿ ನೀನೇ ಕಾಣ್ತಿದ್ದೆ ಅಮ್ಮ" ಎಂದಳು ಶಹ್ಲಾ. "ಮೂರನೇ ಸಲದವರೆಗೆ ನೀನು ನಿಂತಿರ್ತಿರ್ಲಿಲ್ಲ."

ಆ ನಗು ಇನ್ನು ಮಗಳನ್ನು ಬಿಡುವುದಿಲ್ಲವೆಂದು ತೂರಾನ್‌ಗೆ ಗೊತ್ತಿತ್ತು. ಪ್ರತಿ ಹಬ್ಬಕ್ಕೆ, ಪ್ರತಿ ಮದುವೆಮನೆಯಲ್ಲಿ, ಮುಂದೆ ಅವಳ ಮಕ್ಕಳ ಎದುರಿಗೂ ಇದೇ ಮಾತು. ಕನ್ನಡಿಗೆ ಬಿದ್ದ ಗೀರು ಎದ್ದು ಹೋಗಿ ಮಗಳ ಹೆಸರಿನ ಮೇಲೆ ಕೂತಿತ್ತು. ತೂರಾನ್ ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ಮುದುಕಿಯ ಕೈ ಹಿಡಿದಳು. ಕನ್ನಡಿಯ ಬಳಿಗೆ ಕರೆದುಕೊಂಡು ಬಂದು ಅವಳ ಬೆರಳನ್ನು ಗಾಜಿನ ಮೇಲಿಟ್ಟಳು.

"ಉಗುರು ಎಳೀರಿ ಖಾನುಮ್."

ಇಫ್ಫತ್ ಖಾನುಮ್‌ನ ಉಗುರು ಜಾರಿತು, ಸಿಕ್ಕಿತು, ನಿಂತಿತು. 

"ನಾನೇ ಗೀರಿದ್ದು, ಬೆಳಗ್ಗೆ" ಎಂದಳು ತೂರಾನ್.  "ನಾನು ನಡುಗ್ತಿದ್ದದ್ದನ್ನ ನೋಡಿ ಹುಡುಗಿ ಬೇಗ ಹ್ಞೂಂ ಅಂದ್ಳು. ಅನ್ನೋದಿದ್ರೆ ನನ್ನನ್ನ ಅನ್ನಿ."

ಮುದುಕಿ ಅವಳ ಕೈಯ ಉಂಗುರ ನೋಡಿದಳು, ಎದ್ದಿದ್ದ ಹಲ್ಲನ್ನು ಬೆರಳಿನಿಂದ ಮುಟ್ಟಿದಳು. "ಊರಿಗೆಲ್ಲ ಉಂಗುರ ಬಿಚ್ಚಿ ಅಂತೀಯ. ನೀನ್ಯಾಕೆ ಬಿಚ್ಚಲಿಲ್ಲ?"

"ಹೆದರಿಕೆಗೆ."

"ಯಾರ ಹೆದರಿಕೆ?"

"ನಿಮ್ಮದೇ, ಖಾನುಮ್."

ಇಫ್ಫತ್ ಖಾನುಮ್ ಕನ್ನಡಿಯ ಕಡೆ ತಿರುಗಿದಳು.  ಅದರಲ್ಲಿ ಅವಳ ಮುಖವೇ ಅವಳೆದುರು ಇತ್ತು, ತಗ್ಗಿರುವಲ್ಲಿ ಕೆನ್ನೆ ಒಂದಿಷ್ಟು ಸೊಟ್ಟಗೆ. ಅದನ್ನು ನೋಡಿ, ತನ್ನ ಜಾಗಕ್ಕೆ ಹೋಗಿ ಕೂತು, ಪಕ್ಕದ ದಿಂಬನ್ನು ತಟ್ಟಿದಳು.

"ಬಾ, ಕೂತ್ಕೋ. ಬಿದ್ದುಗಿದ್ದೀಯ."

ತೂರಾನ್ ಹೋಗಿ ಕೂತಳು.  ಮುದುಕಿ ಅವಳ ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು ಚಹಾ ತರಲು ಹೇಳಿದಳು.