ಮನೆಯವರು ಊರಲ್ಲಿರಲಿಲ್ಲ

ಯಂತ್ರ ಬರೆದುಕೊಟ್ಟದ್ದನ್ನು ಕಣ್ಣುಮುಚ್ಚಿ ನಂಬಬಾರದು ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಗ್ಯಾಸ್ ಆಫ್ ಮಾಡಿದ್ದೇನೆಂದು ನನ್ನನ್ನೇ ನಂಬದೆ, ಲಿಫ್ಟಿನಿಂದ ವಾಪಸು ಮನೆಗೆ ಹೋಗುವ ಮನುಷ್ಯ ನಾನು. ನಮ್ಮ ವಕೀಲಿ ಕಚೇರಿಗೆ ಎಐ ಬಂದಾಗ ಜೂನಿಯರ್ ಖುಷಿಪಟ್ಟಳು. ನನಗೆ ಚಿಂತಿಸಲು ಹೊಸ ವಿಷಯ ಸಿಕ್ಕಿತು. ಅದು ಇಲ್ಲದ ತೀರ್ಪುಗಳನ್ನು ಹುಟ್ಟಿಸುತ್ತದೆಂದು ಕೇಳಿದ್ದೆ. ಹಾಗಾಗಿ ಅದು ಹೇಳಿದ ಒಂದೊಂದು ತೀರ್ಪನ್ನೂ ಹುಡುಕಿ, ತೆರೆದು, ಓದಿ, ಪೆನ್ಸಿಲಿನಲ್ಲಿ ಟಿಕ್ ಹಾಕುತ್ತಿದ್ದೆ. ಇಷ್ಟು ತಪಾಸಣೆ ಮಾಡುವುದಾದರೆ ನೀವೇ ಬರೆದುಬಿಡಿ ಸರ್ ಎಂದು ಜೂನಿಯರ್ ಹಿಂದಿಯಲ್ಲಿ ಕಿಚಾಯಿಸುತ್ತಿದ್ದಳು. ಮೀರತ್ ಕಡೆಯ ಹುಡುಗಿ, ಕನ್ನಡದಲ್ಲಿ ಅವಳಿಗೆ ಬರುತ್ತಿದ್ದದ್ದು 'ಊಟ ಆಯ್ತಾ' ಒಂದೇ.

ಆ ಬೆಳಿಗ್ಗೆ ದೆಹಲಿಯ ಕೋರ್ಟಿನ ಕಾರಿಡಾರಿನಲ್ಲಿ ನನ್ನ ಪಕ್ಕ ಕೂತಿದ್ದವರು ಕೇಂದ್ರ ಸರ್ಕಾರದ ಗುಮಾಸ್ತರೊಬ್ಬರ ಹೆಂಡತಿ, ಮೈಸೂರು ಕಡೆಯವರು. ಅವರ ಕ್ವಾರ್ಟರ್ಸಿನಲ್ಲಿ ಕಾರು ನಿಲ್ಲಿಸುವ ಜಾಗಕ್ಕಾಗಿ ಹೊಡೆದಾಟವಾಗಿ ಒಬ್ಬನ ತಲೆ ಒಡೆದಿತ್ತು. ದೂರಿನಲ್ಲಿ ಈಕೆಯ ಗಂಡನ ಹೆಸರೂ ಸೇರಿಕೊಂಡಿತ್ತು. ಆತ ಆ ಸಂಜೆ ಸಹೋದ್ಯೋಗಿಯ ಕಾರಿನಲ್ಲಿ ಮಥುರಾಕ್ಕೆ ಹೋಗಿದ್ದರು. ಆ ಸಹೋದ್ಯೋಗಿಯೋ, ಪೊಲೀಸ್ ಎಂಬ ಮಾತು ಕೇಳಿದ್ದೇ ಫೋನ್ ಎತ್ತುವುದನ್ನೇ ನಿಲ್ಲಿಸಿದ್ದ. ಸರ್ಕಾರಿ ನೌಕರ ಬಂಧಿತನಾಗಿ ಎರಡು ದಿನ ಒಳಗಿದ್ದರೆ ಅಮಾನತು ತಾನಾಗಿಯೇ ಬರುತ್ತದೆ. ಅದಕ್ಕೇ ಬಂಧನಕ್ಕೆ ಮೊದಲೇ ಜಾಮೀನು ಕೇಳಿದ್ದೆವು. ಗಂಡ ಪರಿಚಯದವರ ಮನೆಯಲ್ಲಿ ಅಡಗಿದ್ದರು. ನಮ್ಮ ಕೈಯಲ್ಲಿದ್ದದ್ದು ಹೆಂಡತಿಯ ಮಾತು ಮಾತ್ರ.

ಆ ಮಾತನ್ನು ಅವರು ವಾಟ್ಸಾಪಿನಲ್ಲಿ ಕನ್ನಡದಲ್ಲೇ ಬರೆದು ಕಳಿಸಿದ್ದರು. ಹಿಂದಿನ ದಿನ ನಾನು ಗುರುಗ್ರಾಮದ ಬೇರೊಂದು ಕೇಸಿನಲ್ಲಿ ಸಿಕ್ಕಿಕೊಂಡಿದ್ದೆ. ಜೂನಿಯರ್ ಅದನ್ನು ಎಐಗೆ ಕೊಟ್ಟು ಇಂಗ್ಲಿಷ್ ಮಾಡಿಸಿ, ಅಫಿಡವಿಟ್ಟಿಗೆ ಸೇರಿಸಿ, ಆಕೆಗೆ ಹಿಂದಿಯಲ್ಲಿ ಓದಿ ಹೇಳಿ, ಸಹಿ ಹಾಕಿಸಿ ಸಲ್ಲಿಸಿದ್ದಳು. ಆಮೇಲೆ ನಾನೂ ಓದಿದೆ. ಇಂಗ್ಲಿಷ್ ನುಣ್ಣಗಿತ್ತು. ಕುಟುಂಬದವರು ಯಾರೂ ದೆಹಲಿಯಲ್ಲಿರಲಿಲ್ಲ, ತಾನು ಅತ್ತೆಯ ಮನೆಯಲ್ಲಿದ್ದೆ ಎಂದಿತ್ತು. ಗಂಡ ಒಬ್ಬನೇ ಅಲ್ಲ, ಇಡೀ ಸಂಸಾರವೇ ಊರಲ್ಲಿಲ್ಲ. ಭೇಷ್, ಇನ್ನೂ ಗಟ್ಟಿಯಾಯಿತು ಅಂದುಕೊಂಡೆ. ಅದರಲ್ಲಿ ತೀರ್ಪುಗಳಿರಲಿಲ್ಲ, ಆದ್ದರಿಂದ ಟಿಕ್ ಹಾಕಲು ಏನೂ ಸಿಗಲಿಲ್ಲ.

ನಮ್ಮ ಕೇಸು ಬರಲು ಇನ್ನು ಕೆಲವೇ ಕೇಸುಗಳಿದ್ದವು. ಸುಮ್ಮನೆ ಕೂರಲಾಗದೆ ಆಕೆಯನ್ನು ಕೇಳಿದೆ: "ಜಡ್ಜ್ ಮೇಡಂ ಏನಾದ್ರೂ ಕೇಳಿದ್ರೆ ಹೆದರ್ಬೇಡಿ. ಆವತ್ತು ನೀವು ಅತ್ತೆ ಊರಿಗೆ ಹೋದದ್ದು ಬಸ್ಸಲ್ಲೋ, ಟ್ರೇನಲ್ಲೋ?"

"ಅತ್ತೆ ಊರಾ? ಅತ್ತೆ ನಮ್ ಜೊತೇಲೇ ಇರೋದು ಸಾರ್."

"ಮತ್ತೆ ಆವತ್ತು ನೀವೆಲ್ಲಿದ್ರಿ?"

"ಮನೇಲೇ. ಬಾಲ್ಕನೀಲಿ ಬಟ್ಟೆ ತೆಗೀತಿದ್ದೆ. ಜಗಳ ಎಲ್ಲಾ ನೋಡಿದೀನಲ್ಲ. ಪೊಲೀಸ್‌ನೋರು ಬರ್ಕೊಂಡೂ ಹೋದ್ರು."

ಫೋನ್ ತೆಗೆದು ಅವರ ಮೂಲ ಸಂದೇಶ ನೋಡಿದೆ. 'ಆವತ್ತು ಸಂಜೆ ನಮ್ಮ ಮನೆಯವರು ಡೆಲ್ಲಿಯಲ್ಲಿ ಇರಲಿಲ್ಲ ನಾನು ಅತ್ತೆ ಮನೇಲಿದ್ವಿ.' ಒಂದು ಅಲ್ಪವಿರಾಮವೂ ಇಲ್ಲ. ನಮ್ಮ ಮನೆಯವರು ಎಂದರೆ ಗಂಡ. ಗಂಡನ ಹೆಸರು ಹೇಳದ ಹೆಂಗಸರು ಇನ್ನೇನೆಂದು ಬರೆಯುತ್ತಾರೆ? ನಾನೂ ಅತ್ತೆಯೂ ಮನೆಯಲ್ಲಿದ್ದೆವು ಎಂಬುದು ಅತ್ತೆಮನೆಯಾಗಿತ್ತು. ತಪ್ಪು ಎರಡಾದರೂ ಒಂದು ಇನ್ನೊಂದಕ್ಕೆ ಸಾಕ್ಷಿ ಹೇಳುತ್ತಿತ್ತು. ಪೊಲೀಸರ ಕಡತದಲ್ಲಿ ಬಾಲ್ಕನಿ, ನಮ್ಮ ಅಫಿಡವಿಟ್ಟಿನಲ್ಲಿ ಪರವೂರು. ಪ್ರಮಾಣ ಮಾಡಿ ಸುಳ್ಳು ಹೇಳಿದ ಹೆಂಡತಿ, ಅವಳ ಮಾತು ನೆಚ್ಚಿದ ಗಂಡ!

ಇನ್ನೊಂದು ಪಕ್ಕದಲ್ಲಿದ್ದ ಜೂನಿಯರಿಗೆ ಹಿಂದಿಯಲ್ಲಿ ವಿವರಿಸಿದೆ. ಅವಳ ಮುಖ ಸಣ್ಣದಾಯಿತು. "ಸರ್, ನಾನು 'ಘರ್‌ವಾಲೇ ದಿಲ್ಲೀ ಮೇಂ ನಹೀಂ ಥೇ' ಅಂತ ಓದಿದೆ. ಇವರು ಹೌದು ಹೌದು ಅಂದರಲ್ಲ!"

ಅನ್ನದೆ ಏನು? ಅವಳ ಬಾಯಲ್ಲಿ ಘರ್‌ವಾಲೇ ಎಂದರೆ ಮನೆಮಂದಿ, ಈಕೆಯ ಕಿವಿಯಲ್ಲಿ ಮನೆಯವರು.

"ಮತ್ತೆ 'ಸಾಸ್ ಕೇ ಘರ್' ಅಂದಾಗ ನೀವು ತಲೆ ಆಡಿಸಿದ್ಯಾಕೆ?" ಎಂದು ಆಕೆಯನ್ನೇ ಕೇಳಿದೆ.

"ಅತ್ತೆ ಇರೋ ಮನೆ ಅತ್ತೆ ಮನೆ ಅಲ್ವಾ ಸಾರ್? ನಿನ್ನೆ ಅತ್ತೇನೂ ಜೊತೇಲೇ ಬಂದಿದ್ರು, ಅವರ್ಗೆ ಕೇಳಿಸೋ ಹಾಗೆ ಅಲ್ಲ ಅನ್ನೋಕಾಗತ್ತಾ?"

ಒಳಗೆ ಸರ್ಕಾರಿ ವಕೀಲರು ನಮ್ಮ ಕಾಗದಗಳನ್ನು ತಿರುವಿಹಾಕುತ್ತಿರುವುದು ಬಾಗಿಲಿನಿಂದ ಕಾಣುತ್ತಿತ್ತು. ಒಂದು ಪುಟ, ಇನ್ನೊಂದು ಪುಟ. ಅವರು ಕನ್ನಡಕ ಏರಿಸಿದಾಗಲೆಲ್ಲ ಸಿಕ್ಕಿಬಿದ್ದೆವು ಅಂದುಕೊಳ್ಳುತ್ತಿದ್ದೆ.

"ಟೈಪಿಂಗ್ ಮಿಸ್ಟೇಕ್ ಅನ್ನೋಣವಾ ಸರ್?" ಎಂದಳು ಜೂನಿಯರ್.

ಟೈಪಿಂಗಿನಲ್ಲಿ ಒಂದು ಅಕ್ಷರ ಹೋಗಬಹುದು, ಇಡೀ ಸಂಸಾರ ಊರು ಬಿಟ್ಟು ಹೋಗುವುದಿಲ್ಲ. ಅವರು ಹಿಡಿಯುವ ಮೊದಲು ನಾವೇ ಹೇಳಬೇಕು ಎಂದೆ. ಧೈರ್ಯದಿಂದಲ್ಲ. ಸಿಕ್ಕಿಬಿದ್ದರೆ ಏನೇನಾಗುತ್ತದೆಂದು ಅಷ್ಟರೊಳಗೆ ನಾನು ವಕೀಲಿ ಸನ್ನದು ರದ್ದಾಗುವವರೆಗೂ ಕಲ್ಪಿಸಿಕೊಂಡಾಗಿತ್ತು.

ಕೇಸು ಕರೆದರು. ಸರ್ಕಾರಿ ವಕೀಲರು ಬಾಯಿ ತೆರೆಯುವ ಮೊದಲೇ ನಾನು ಒದರಿಬಿಟ್ಟೆ: ಅಫಿಡವಿಟ್ಟಿನಲ್ಲಿ ತಪ್ಪಿದೆ, ಅನುವಾದ ಎಐ ಮಾಡಿದ್ದು, ಅದನ್ನು ಮೂಲದ ಜೊತೆ ಹೋಲಿಸದೆ ಬಿಟ್ಟದ್ದು ನನ್ನ ಕಚೇರಿ. ಕೋರ್ಟ್ ಹಾಲಿನಲ್ಲಿ ಯಾರೋ ನಕ್ಕರು. ನ್ಯಾಯಾಧೀಶೆ ನಗಲಿಲ್ಲ.

"ವಕೀಲ್ ಸಾಬ್, ನಿಮಗೆ ಕನ್ನಡ ಬರುವುದಿಲ್ಲವೇ?" ಎಂದು ಹಿಂದಿಯಲ್ಲಿ ಕೇಳಿದರು.

"ಬರುತ್ತದೆ ಮೇಡಂ." ಜೀವಮಾನದಲ್ಲಿ ಈ ಮಾತು ಹೇಳಲು ಇಷ್ಟು ನಾಚಿಕೆಯಾದದ್ದಿಲ್ಲ.

ಸರ್ಕಾರಿ ವಕೀಲರು ಬಾಲ್ಕನಿಯ ಹೇಳಿಕೆಯನ್ನು ಎತ್ತಿ ಹಿಡಿದು, ಈಗ ಕಥೆ ಬದಲಾಯಿಸುತ್ತಿದ್ದಾರೆ ಎಂದರು. ನ್ಯಾಯಾಧೀಶೆ ಆಕೆಯನ್ನು ಮುಂದೆ ಕರೆದು, ಯಾರು ದಿಲ್ಲಿಯಲ್ಲಿರಲಿಲ್ಲ ಎಂದು ಕೇಳಿದರು.

"ಘರ್‌ವಾಲೇ, ಜೀ."

"ಘರ್‌ವಾಲೇ ಅಂದರೆ ಎಲ್ಲರೂ?"

ಆಕೆ ನನ್ನನ್ನು ನೋಡಿದರು. ನಾನು ಬಾಯಿ ತೆರೆದರೆ ಹೇಳಿಕೊಟ್ಟಂತಾಗುತ್ತದೆ. ಕೈಯಲ್ಲಿದ್ದ ಕಾಗದದ ಕಡೆ ನೋಡಿದೆ. ಆಕೆ ತಾಳಿಯನ್ನು ಸೆರಗಿನಿಂದ ಸ್ವಲ್ಪ ಹೊರಗೆಳೆದು, "ಯೇ ವಾಲೇ" ಎಂದರು.

ನ್ಯಾಯಾಧೀಶೆ ಪೆನ್ನು ಎತ್ತಿಕೊಂಡರು. ಮೂಲ ಸಂದೇಶ ಮತ್ತು ಸರಿಯಾದ ಅನುವಾದವನ್ನು ಇವತ್ತೇ ಸಲ್ಲಿಸಬೇಕು. ಅನುವಾದ ಮಾಡಿದ ಮನುಷ್ಯ ಕೆಳಗೆ ಸಹಿ ಹಾಕಬೇಕು. ಮುಂದಿನ ತಾರೀಖಿನವರೆಗೆ ಬಂಧನ ಬೇಡ. 'ಮನುಷ್ಯ' ಎಂಬುದನ್ನು ಒತ್ತಿ ಹೇಳಿದರು.

ಹೊರಗೆ ಬಂದದ್ದೇ ಆಕೆ ಫೋನ್ ಹಚ್ಚಿದರು. "ರೀ, ಮನೆಗೆ ಬರಬಹುದಂತೆ... ಹೂಂ, ಹಿಡಿಯಲ್ವಂತೆ... ಅಯ್ಯೋ, ಮುಂದಿನ ಡೇಟ್‌ವರೆಗೆ ಕಣ್ರೀ, ಈಗ್ಲೇ ಯಾರಿಗೂ ಸ್ವೀಟ್ ಹಂಚ್ಬೇಡಿ."

ಜೂನಿಯರ್ ಅಷ್ಟರಲ್ಲಿ ಲ್ಯಾಪ್‌ಟಾಪ್ ತೆರೆದು, ಈ ಸಂದೇಶದಲ್ಲಿ ಎರಡು ಅರ್ಥ ಬರುವ ಪದಗಳು ಯಾವುವು ಎಂದು ಎಐಯನ್ನೇ ಕೇಳಿದ್ದಳು. ನಿನ್ನೆಯೇ ಕೇಳಬೇಕಿದ್ದ ಪ್ರಶ್ನೆ. 'ಮನೆಯವರು' ಪದವನ್ನು ಅದು ಈಗ ತಾನೇ ಕಂಡುಹಿಡಿದಂತೆ ಮೇಲೆ ಬರೆದಿತ್ತು. ಕೆಳಗೆ, 'ಅತ್ತೆ' ಎಂದರೆ ಗಂಡನ ತಾಯಿಯೋ, ತಂದೆಯ ಸೋದರಿಯೋ, ಖಚಿತಪಡಿಸಿಕೊಳ್ಳಿ ಎಂದಿತ್ತು. ಅನುವಾದದ ಕೆಳಗಿನ ಸಹಿ ನನ್ನದು, ಖಚಿತಪಡಿಸಿಕೊಳ್ಳದೆ ಬಿಟ್ಟೇನೇ?

"ನಿಮ್ಮ ಅತ್ತೆ ಅಂದ್ರೆ ನಿಮ್ಮ ಯಜಮಾನರ ತಾಯಿ. ನಿಮ್ಮ ತಂದೆ ಅಕ್ಕ ತಂಗಿ ಅಲ್ಲ ತಾನೆ?"

"ಅಪ್ಪನ ಅಕ್ಕಾನೂ ಅವ್ರೇ ಸಾರ್. ಸೋದರತ್ತೆ ಮಗನ್ನೇ ಅಲ್ವಾ ನಾನು ಮಾಡ್ಕೊಂಡಿರೋದು."

ನಾನು ಹಿಂದಿಗೆ ತಿರುಗಿಸಿ ಹೇಳಿದೆ. ಜೂನಿಯರಿನ ಬೆರಳು ಕೀಲಿಯ ಮೇಲೆ ನಿಂತಿತು. "ಮತ್ಲಬ್... ಸರ್... ಕಸಿನ್?"

"ಗಂಡನ ತಾಯಿ ಅಂತಷ್ಟೇ ಬರಿ," ಎಂದೆ. "ಕೋರ್ಟು ಕೇಳದ ಪ್ರಶ್ನೆಗೆ ಇವತ್ತು ಉತ್ತರ ಕೊಡುವುದು ಬೇಡ."