ಮಗಳ ಸೀಟಿಗಾಗಿ ನಾವು ಬಿಟ್ಟ ತರಕಾರಿಗಳು

ಕಾಶಿಗೆ ಬಂದವರು ತಮಗೆ ಇಷ್ಟವಾದ ಒಂದು ತಿನಿಸನ್ನು ಇಲ್ಲಿ ಬಿಟ್ಟು ಹೋಗುವ ಪದ್ಧತಿ ಇದೆ. ಗಂಗೆಯಲ್ಲಿ ಮುಳುಗಿ ಎದ್ದು, ಇನ್ನು ಬದುಕಿರುವ ತನಕ ಇದನ್ನು ಬಾಯಿಗೆ ಹಾಕುವುದಿಲ್ಲ ಎಂದು ಹೇಳಿ ಹೋಗುತ್ತಾರೆ. ಏನು ಬಿಡಬೇಕು ಎಂಬ ಪ್ರಶ್ನೆ ಬಂದಾಗ ನಮ್ಮ ಬಿಜಾಪುರ ಕಡೆಯ ಯಾತ್ರಿಕರೆಲ್ಲ ನನ್ನ ಮುಖ ನೋಡುತ್ತಾರೆ. ಬಂಗಾಲಿ ಟೋಲಾದಲ್ಲಿ ಅವರಿಗೆ ಇಳಿಯಲು ಕೋಣೆ ಕೊಡುವವಳು ನಾನು, ಅವರ ಪರವಾಗಿ ದೋಣಿಯವನ ಜತೆ ಜಗಳವಾಡುವವಳೂ ನಾನು. ಹಾಗಾಗಿ ವೈರಾಗ್ಯದ ವಿಷಯದಲ್ಲೂ ನನ್ನ ಸಲಹೆಗೆ ಬೆಲೆ ಇದೆ ಎಂದು ತಿಳಿಯುತ್ತಾರೆ. ನಾನು ಹೇಳುವುದು ಇಷ್ಟೇ: ಆವೇಶದಲ್ಲಿ ಬಿಡಬೇಡಿ. ನೀರಿನಲ್ಲಿ ನಿಂತಾಗ ಎಲ್ಲರಿಗೂ ವೈರಾಗ್ಯ ಏರುತ್ತದೆ, ಊರಿಗೆ ಹೋಗಿ ತಾಟಿನ ಮುಂದೆ ಕೂತಾಗ ಇಳಿಯುತ್ತದೆ. ಮಾವಿನಹಣ್ಣು ಬಿಟ್ಟು ಹೋದ ಒಬ್ಬರು ಮೇ ತಿಂಗಳಲ್ಲಿ ಫೋನ್ ಮಾಡಿ, "ಅಕ್ಕಾರ, ಅದನ್ನ ತಗದು ಸೀತಾಫಲ ಮಾಡಾಕ ಬರತೈತೇನ್ರಿ?" ಎಂದು ಕೇಳಿದ್ದರು.

ಇಷ್ಟು ತಿಳಿವಳಿಕೆ ಇದ್ದ ನಾನೇ ಒಂದು ಚಳಿಗಾಲದ ಕೊನೆಗೆ ದಾರಿ ತಪ್ಪಿದೆ. ಕಾರಣ, ಮಗಳ ಪಿಎಚ್‌ಡಿ ಸೀಟು.

ನಮ್ಮ ಮಗಳು ಹುಟ್ಟಿದ್ದು, ಬೆಳೆದದ್ದು ಇಲ್ಲೇ. ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿದ್ದಳು. ನದಿಗಳು ಹೊತ್ತು ತರುವ ಮಣ್ಣಿನ ಮೇಲೆ ಮುಂದೆ ಓದಬೇಕೆಂದು ನಾಲ್ಕು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿದಳು. ಒಂದು ನಮ್ಮ ದೇಶದ್ದು, ಮೂರು ಹೊರಗಿನವು. ನಾನು ನಕಾಶೆ ತೆಗೆಸಿ ನೋಡಿದೆ. ನಾಲ್ಕರಲ್ಲಿ ಮೂರು ಊರುಗಳಲ್ಲಿ ಹೇಳಿಕೊಳ್ಳುವಂಥ ನದಿಯೇ ಇರಲಿಲ್ಲ.

ಕೆಳಗಿನ ಅಂಗಳದ ಸುತ್ತಲಿನ ಆರು ಕೋಣೆಗಳಲ್ಲಿ ಆರು ಮಂದಿ ಮುದುಕಿಯರು ನಮ್ಮಲ್ಲಿ ಕಾಯಂ ಇದ್ದಾರೆ. ಎಲ್ಲರೂ ಬಿಜಾಪುರ, ಬಾಗಲಕೋಟೆ ಕಡೆಯ ಹಳ್ಳಿಗಳವರು, ಗಂಡನನ್ನು ಕಳಕೊಂಡವರು, ಕಾಶಿಯಲ್ಲೇ ಕಣ್ಣು ಮುಚ್ಚಬೇಕೆಂದು ಬಂದವರು. ಅವರನ್ನೆಲ್ಲ ನಾವು ಆಯಿ ಎಂದೇ ಕರೆಯುತ್ತೇವೆ. ಅವರಲ್ಲಿ ವಯಸ್ಸಿನಲ್ಲೂ ಬಾಯಿಯಲ್ಲೂ ಹಿರಿಯರಾದವರು ಹಿರೇ ಆಯಿ. ಮಗಳ ಅರ್ಜಿಯ ವಿಷಯ ಕೇಳಿ ಹಿರೇ ಆಯಿ ಅಂದರು: "ಮಣ್ಣ ಓದಾಕ ಅಷ್ಟ ದೂರ ಯಾಕ ಹೊಂಟಿಯವ್ವ? ಮಳಿಗಾಲ ಮುಗದ ಮ್ಯಾಲ ನಮ್ಮ ಕೇದಾರ ಘಾಟಿನ ಮೆಟ್ಟಲ ಮ್ಯಾಲ ಮೊಣಕಾಲಮಟ ಇರತೈತಲ್ಲ."

"ಆಯಿ, ಅದನ್ನೇ ಓದೋದು. ಮತ್ಲಬ್, ಅದು ಎಲ್ಲಿಂದ ಬಂತು ಅಂತ," ಎಂದಳು ಮಗಳು.

"ಮ್ಯಾಲಿಂದ ಬರತೈತಿ. ಇದಕ್ಕ ಸೀಟ ಬೇಕೇನು?"

ಫೆಬ್ರವರಿ ಮುಗಿಯುವಷ್ಟರಲ್ಲಿ ಉತ್ತರ ಬರುತ್ತದೆ ಎಂದಿದ್ದರು. ಬರಲಿಲ್ಲ. ಮಗಳು ಫೋನನ್ನು ಕೈಯಿಂದ ಕೆಳಗಿಡಳು. ಹಲ್ಲುಜ್ಜುವಾಗಲೂ ಎಡಗೈಯಲ್ಲಿ ಅದೇ. ನಾನು ದಿನಕ್ಕೆ ಹತ್ತು ಸಲ "ಬಂತಾ?" ಎಂದು ಕೇಳುತ್ತಿದ್ದೆ. ಯಾತ್ರಿಕರ ಚಾದರ ಮಡಚುತ್ತಾ ಬಂತಾ, ಮೆಟ್ಟಿಲು ಹತ್ತುತ್ತಾ ಬಂತಾ. ಒಮ್ಮೆ ಅವಳು ಸ್ನಾನದ ಮನೆಯಲ್ಲಿದ್ದಾಗ ಬಾಗಿಲು ಬಡಿದು ಕೇಳಿದೆ.

ನನಗೆ ಅರ್ಥವಾಗದಿದ್ದದ್ದು ಆ ಕಾಯುವ ರೀತಿ. ನಾನು ಈ ಊರಿಗೆ ಬಂದಾಗ ಹಿಂದಿಯಲ್ಲಿ ಮೂರೇ ಶಬ್ದ ಗೊತ್ತಿದ್ದವು: ಕಿತನಾ, ಜ್ಯಾದಾ, ನಹೀಂ. ಎಷ್ಟು, ಹೆಚ್ಚಾಯಿತು, ಬೇಡ. ಅದೇ ಮೂರು ಶಬ್ದಗಳಲ್ಲಿ ನಾನು ಒಂದು ಮನೆ ನಡೆಸುವಷ್ಟಾದೆ. ಎದುರಿಗೆ ಒಬ್ಬ ಮನುಷ್ಯ ಇದ್ದರೆ ಅವನ ಕಣ್ಣು ನೋಡಿ ಹೇಳಬಲ್ಲೆ, ಇವನು ಎಷ್ಟಕ್ಕೆ ಇಳಿಯುತ್ತಾನೆ ಅಂತ. ಇಲ್ಲಿ ಎದುರಿಗೆ ಯಾರೂ ಇಲ್ಲ. "ಒಂದು ಫೋನ್ ಹಚ್ಚಿಕೊಡು, ನಾನು ಮಾತಾಡತೇನಿ" ಎಂದರೆ ಮಗಳು ಕೈಮುಗಿದು, "ಅರೇ ಯಾರ್ ಅವ್ವಾ, ನಿನ್ನ ಕಾಲಿಗೆ ಬೀಳತೇನಿ, ಬ್ಯಾಡ" ಅಂದಳು.

ಕಾಯುವುದು ಹೇಗೆಂದು ಹಿರೇ ಆಯಿ ಒಮ್ಮೆ ಅವಳಿಗೆ ಸಮಾಧಾನ ಹೇಳಿದ್ದುಂಟು. ಹರಿಶ್ಚಂದ್ರ ಘಾಟಿನ ಕಡೆ ಹೋಗುವ ಒಂದು ಶವದ ಮೆರವಣಿಗೆಯ 'ರಾಮ್ ನಾಮ್ ಸತ್ಯ' ಗಲ್ಲಿಯಲ್ಲಿ ಕೇಳಿಸುತ್ತಿತ್ತು. ಆಯಿ ಆ ಕಡೆ ಕೈ ತೋರಿಸಿ, "ನಾ ಬಂದು ಹನ್ನೊಂದು ವರ್ಷಾತು. ನನ್ನ ಹಿಂದ ಬಂದಾವ್ರು ಎಷ್ಟೋ ಮಂದಿ ಹೋದ್ರು. ನನಗ ಇನ್ನಾ ಪತ್ರ ಬಂದಿಲ್ಲ. ನಾ ಏನರ ಮಾರಿ ಸಣ್ಣ ಮಾಡಕೊಂಡು ಕುಂತೀನೇನ?" ಎಂದರು. ಮಗಳು ಒಂದು ವಾರದಲ್ಲಿ ಮೊದಲ ಸಲ ನಕ್ಕಳು.

ಮಾರ್ಚ್ ಮೊದಲ ವಾರ ಮೊದಲ ಉತ್ತರ ಬಂತು. ವಿಷಾದಿಸುತ್ತೇವೆ ಎಂದು ಬರೆದಿದ್ದರು. ಮಗಳು ತಾರಸಿಗೆ ಹೋಗಿ, ಕೋತಿ ಬರದಂತೆ ಹಾಕಿದ ಜಾಳಿಗೆಯೊಳಗೆ ಮಧ್ಯಾಹ್ನವಿಡೀ ಕೂತಳು. ನನಗೆ ತಡೆಯಲಿಲ್ಲ. ಮರುದಿನ ಬೆಳಿಗ್ಗೆ ಗಂಗೆಗೆ ಹೋಗಿ ಮುಳುಗಿ, ಮಗಳ ಸೀಟಿಗಾಗಿ ಕುಂಬಳಕಾಯಿ ಬಿಟ್ಟೆ. ಎರಡು ದಿನಕ್ಕೆ ಎರಡನೆಯ ವಿಷಾದವೂ ಬಂತು.

ಹಿರೇ ಆಯಿಯ ಮುಂದೆ ಗೋಳಾಡಿದೆ. ಅವರು ಜಪದ ಮಣಿ ಎಣಿಸುವುದನ್ನು ನಿಲ್ಲಿಸಿ ಕೇಳಿದರು: "ಏನ ಬಿಟ್ಟೀಯಂದಿ?"

"ಕುಂಬಳಕಾಯಿ ಆಯಿ."

"ನಿನಗ ಕುಂಬಳಕಾಯಿ ಸೇರಂಗಿಲ್ಲ ಅನ್ನೂದು ಈ ಮನಿ ಬೆಕ್ಕಿಗೂ ಗೊತ್ತೈತಿ. ವಿಶ್ವನಾಥಗ ಗೊತ್ತಿಲ್ಲೇನ? ದೋಣಿಯಾಂವಗ ಮಾಡಿದಂಗ ದೇವ್ರಿಗೂ ಮಾಡಾಕತ್ತಿ ನೋಡು!"

ನಾಚಿಕೆಯಾಯಿತು. ಮರುದಿನವೇ ಹೋಗಿ ಬದನೆಕಾಯಿ ಬಿಟ್ಟೆ. ನಮ್ಮ ಕಡೆಯವರಿಗೆ ಎಣ್ಣೆಗಾಯಿ ಎಂದರೆ ಏನೆಂದು ವಿವರಿಸಬೇಕಿಲ್ಲ. ಆ ದಿನ ನೀರಿನಿಂದ ಎದ್ದಾಗ ನನ್ನ ಕಣ್ಣಿನಲ್ಲೂ ನೀರಿತ್ತು. ಆದರೂ ಹುಟ್ಟುಗುಣ. ಮುಳುಗುವ ಮುಂಚೆ ಮೆಲ್ಲಗೆ ಒಂದು ಮಾತು ಸೇರಿಸಿದೆ: "ಸೀಟು ಬರೂತನಕ."

ನಾನು ಬದನೆಕಾಯಿ ಬಿಟ್ಟ ಸುದ್ದಿ ಅಂಗಳದಲ್ಲಿ ಹಬ್ಬಿತು. ಸಂಜೆಯಷ್ಟರಲ್ಲಿ ಹಿರೇ ಆಯಿ, "ಆ ಕೂಸು ನಂದೂ ಹೌದು. ನಾನೂ ಬದನಿಕಾಯಿ ಬಿಟ್ಟೆ, ಮ್ಯಾಲ ಶೇಂಗಾ ಚಟ್ನೀನೂ ಬಿಟ್ಟೆ" ಎಂದು ಸಾರಿದರು. ಎರಡು ಬಿಟ್ಟವರ ಎದುರು ಒಂದನ್ನೂ ಬಿಡದೆ ಕೂರಲು ಉಳಿದ ಐವರಿಗೆ ಆದೀತೆ? ಒಬ್ಬರು ಬೆಂಡೆಕಾಯಿ ಬಿಟ್ಟರು. ಒಬ್ಬರು ಆಲೂಗಡ್ಡೆ. ಒಬ್ಬರು ಉಳ್ಳಾಗಡ್ಡಿ, ಒಬ್ಬರು ಹಸಿಮೆಣಸಿನಕಾಯಿ. ಹಲ್ಲಿಲ್ಲದ ಮೂಲೆ ಕೋಣೆಯ ಆಯಿ ರೊಟ್ಟಿ ಬಿಟ್ಟೆ ಎಂದಾಗ, "ನೀ ರೊಟ್ಟಿ ತಿಂದು ಮೂರು ವರ್ಷಾತು, ಅದು ಲೆಕ್ಕಕ್ಕಿಲ್ಲ" ಎಂದು ಉಳಿದವರು ಜಗಳ ತೆಗೆದು, ಅವರಿಂದ ಮೊಸರು ಬಿಡಿಸಿದರು. ಎಲ್ಲರದೂ ಒಂದೇ ಷರತ್ತು: ಮಗಳಿಗೆ ತಿಳಿಯಬಾರದು.

ಅಡುಗೆ ನನ್ನ ಗಂಡನದು. ಮೊದಲು ಮಠವೊಂದರ ಅಡುಗೆಮನೆಯಲ್ಲಿದ್ದವರು, ಈಗ ನಮ್ಮ ಮನೆಯ ಒಲೆ ನೋಡಿಕೊಳ್ಳುತ್ತಾರೆ. ಮಾತು ಕಡಿಮೆ. ದಿನಾ ಬೆಳಿಗ್ಗೆ ಸೌಟು ಹಿಡಿದು ಅಂಗಳದ ನಡುವೆ ನಿಂತು, "ಇವತ್ತ ಯಾವುದು ಹೋತ್ರಿ?" ಎಂದು ಕೇಳುತ್ತಿದ್ದರು. ಒಬ್ಬೊಬ್ಬರಿಗೂ ಬೇರೆ ಬೇರೆ ಬೇಯಿಸುವುದು ಆಗದ ಮಾತು, ಹಾಗಾಗಿ ಒಬ್ಬರು ಬಿಟ್ಟದ್ದು ಎಲ್ಲರಿಗೂ ಬಂದ್ ಆಯಿತು. ಇಷ್ಟವಾದದ್ದನ್ನೇ ಬಿಡಬೇಕು ಎಂಬ ಹಿರೇ ಆಯಿಯ ಕಟ್ಟಳೆಯಿಂದ ಏನಾಯಿತೆಂದರೆ, ಮನೆಯಲ್ಲಿ ಯಾರಿಗೂ ಇಷ್ಟವಿಲ್ಲದ್ದು ಮಾತ್ರ ಉಳಿಯಿತು. ಅಂದರೆ ಸೋರೆಕಾಯಿ. ಸೋರೆಕಾಯಿ ಪಲ್ಯ, ಸೋರೆಕಾಯಿ ಸಾರು, ಹೆಸರುಬೇಳೆಯಲ್ಲಿ ಸೋರೆಕಾಯಿ. ಮೇಲಿನ ಮಹಡಿಗೆ ಬಂದ ಯಾತ್ರಿಕರೂ ಅದನ್ನೇ ತಿಂದರು. ಇದು ಕಾಶಿಯ ವಿಶೇಷ ಪಥ್ಯ ಎಂದು ನಾನು ಹೇಳಿದ್ದಕ್ಕೆ ಒಬ್ಬರು ಮಾಡುವ ಕ್ರಮವನ್ನು ಬರೆದುಕೊಂಡು ಹೋದರು.

ಸೋನಾರ್‌ಪುರದ ತರಕಾರಿಯವನಿಗೆ ನಾನು ಇಪ್ಪತ್ತು ವರ್ಷದ ಗಿರಾಕಿ. ಹತ್ತನೆಯ ದಿನವೂ ಸೋರೆಕಾಯಿಗೇ ಕೈ ಹಾಕಿದಾಗ ದನಿ ತಗ್ಗಿಸಿ ಕೇಳಿದ: "ಭೌಜೀ, ಘರ್ ಮೇ ಕೇಹೂ ಬೀಮಾರ್ ಬಾ ಕಾ?" ಮನೆಯಲ್ಲಿ ಯಾರಿಗಾದರೂ ಕಾಯಿಲೆಯೇ ಎಂದು. ಪಾಪ, ಅವತ್ತು ಚೌಕಾಶಿಯನ್ನೂ ಮಾಡಿಸಿಕೊಳ್ಳದೆ ಕೊಟ್ಟ. ನನಗೂ ಮಾಡುವ ಮನಸ್ಸಿರಲಿಲ್ಲ. ನನ್ನ ಸ್ಥಿತಿ ಅಲ್ಲಿಗೆ ಬಂದಿತ್ತು.

ಮೂರನೆಯ ವಿಶ್ವವಿದ್ಯಾಲಯದವರು ಪಟ್ಟಿಯಲ್ಲಿ ಕಾಯಿರಿ ಎಂದರು. ಬೇರೆ ಯಾರಾದರೂ ಬೇಡವೆಂದರೆ ಇವಳಿಗಂತೆ. ಆ ದಿನ ಮಧ್ಯಾಹ್ನ ಊಟಕ್ಕೆ ಕೂತ ಮಗಳು ತಾಟು ನೋಡಿ, "ಅಪ್ಪಾ, ನಾಳೆ ಎಣ್ಣೆಗಾಯಿ ಮಾಡು ನಾ. ಈ ಲೌಕಿ ಸಾಕಾಗೇತಿ" ಎಂದಳು.

ಅಪ್ಪ ಒಲೆಯ ಕಡೆ ತಿರುಗಿದರು. ಆಯಿಯರು ತಾಟು ನೋಡಿದರು. ಮೊಸರು ಬಿಟ್ಟ ಮೂಲೆ ಕೋಣೆಯ ಆಯಿಗೆ ಮಾತ್ರ ತಡೆಯಲಿಲ್ಲ. "ಎಲ್ಲಿ ಎಣ್ಣೆಗಾಯವ್ವ! ನಿನ್ನ ಸೀಟಿಗಂತ ಎಲ್ಲಾ ಬಿಟ್ಟೇವಲ್ಲ."

ಒಂದೊಂದಾಗಿ ಹೊರಗೆ ಬಂತು. ಮಗಳು ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟಳು. "ಸೀಟು ಬರೂತನಕ ಅಷ್ಟ" ಎಂದು ನಾನು ಸಮಜಾಯಿಷಿ ಕೊಡಲು ಹೋದೆ.

"ಬರೂತನಕ ಏನವ್ವ?" ಹಿರೇ ಆಯಿ ನನ್ನತ್ತ ತಿರುಗಿದರು. "ಕಾಶ್ಯಾಗ ಬಿಡೂದಂದ್ರ ಪೂರ್ತಿ ಬಿಡೂದು. ನಾವು ಪೂರ್ತಿ ಬಿಟ್ಟೇವಿ." ಆಮೇಲೆ ಮಗಳ ಮುಖ ನೋಡಿ ದನಿ ಮೆತ್ತಗೆ ಮಾಡಿದರು. "ನೀ ಏನ ಮನಸಿಗೆ ಹಚ್ಚಕೋಬ್ಯಾಡ. ನಮ್ಮದು ಪೂರ್ತಿ ಅಂದ್ರೂ ಇನ್ನೆಷ್ಟು ಐತಿ? ಸ್ವಲ್ಪನ ಐತಿ."

ನನ್ನ ಮಗಳು ಅಳುವವಳಲ್ಲ. ಎದ್ದು ಕೈ ತೊಳೆದು ಹೊರಟಳು. ನಾನು ಹಿಂದೆಯೇ ಓಡಿದೆ. ಕೇದಾರ ಘಾಟಿನ ಅರ್ಧ ಮೆಟ್ಟಿಲಿನಲ್ಲಿ ಸಿಕ್ಕಳು.

"ಅವ್ವಾ, ನಾಲ್ಕು ಕಾಗದಕ್ಕ ಕಾಯೋದೇ ನನಗ ಆಗವಲ್ದು. ಈಗ ಆರು ಮಂದಿ ಆಯಿಯರ ಬದನೆಕಾಯಿ, ಮೊಸರು ಎಲ್ಲಾ ನನ್ನ ತಲಿ ಮ್ಯಾಲೆ ಕೂರಿಸಿದ್ದಿ. ಸೀಟು ಬರದಿದ್ದರ ನಾನು ಅವರಿಗೆ ಯಾವ ಮುಖ ತೋರಿಸಲಿ? ಬೋಲ್ ನಾ."

ನಾನು ಅವಳ ಮುಂದೆ ಹೋಗಿ ನಿಂತೆ.

"ನಿನಗ ಏನು ಬೇಕು ಹೇಳು," ಎಂದೆ. "ಅದನ್ನ ಮಾಡತೇನಿ."

"ಬಂತಾ ಬಂತಾ ಅಂತ ಕೇಳೋದು ಬಿಡು. ನೀನು ಕೇಳಿದಾಗೆಲ್ಲ ನನಗ ಇನ್ನೊಂದು ಸಲ ಬೇಡ ಅಂದಂಗ ಆಗತೈತಿ."

"ಎಷ್ಟು ದಿನ?" ಬಾಯಿಗೆ ಬಂದೇ ಬಿಟ್ಟಿತು.

ಅವಳು ನನ್ನನ್ನೇ ನೋಡಿದಳು. ನಾನು ಸೀರೆಯ ನೆರಿಗೆ ಎತ್ತಿ ಹಿಡಿದು ಉಳಿದ ಮೆಟ್ಟಿಲು ಇಳಿದೆ, ಬಿಸಿಲಿನಲ್ಲೇ ನೀರಿಗೆ ಹೋಗಿ ಮುಳುಗಿದೆ. ಈ ಸಲ 'ಬರೂತನಕ' ಎಂದು ಸೇರಿಸಲಿಲ್ಲ.

ಮಕ್ಕಳ ಉತ್ತರಕ್ಕಾಗಿ ಕಾಯುತ್ತಿರುವ ತಾಯಂದಿರು ಇದನ್ನು ಓದುತ್ತಿದ್ದರೆ ಒಂದು ಸಲಹೆ: ತರಕಾರಿ ಬಿಡುವುದು ಸುಲಭ. ಕೇಳುವುದನ್ನು ಬಿಟ್ಟು ನೋಡಿ. ನಾನು ಹನ್ನೆರಡು ದಿನ ಬಿಟ್ಟೆ. "ಬಂ" ಎಂದು ಬಾಯಿ ತೆರೆದು "ಬಂಗಾಲದಿಂದ ಯಾತ್ರಿಕರು ಬರತಾರಂತ" ಎಂದು ಮುಗಿಸಿದ್ದೇನೆ. ನಮ್ಮ ಮನೆಗೆ ಬಂಗಾಲದವರು ಯಾಕೆ ಬರುತ್ತಾರೆ ಎಂದು ಗಂಡ ಕೇಳಿದರೆ ಗದರಿದ್ದೇನೆ. ಅವಳ ಮುಖ ನೋಡಿದರೆ ಬಾಯಿ ತುರಿಸುತ್ತದೆ ಎಂದು ಗೋಡೆ ನೋಡಿ ಮಾತಾಡಿದೆ. ಒಂದು ಫಲ ಮಾತ್ರ ಸಿಕ್ಕಿತು. ಐದಾರು ದಿನಕ್ಕೆ ಅವಳು ತಾನಾಗಿಯೇ ಅಂಗಳಕ್ಕೆ ಬಂದು ಆಯಿಯರ ಜತೆ ಕೂರತೊಡಗಿದಳು, ಫೋನನ್ನು ಕೋಣೆಯಲ್ಲೇ ಬಿಟ್ಟು.

ಹದಿಮೂರನೆಯ ದಿನ ನಾನು ಸೋನಾರ್‌ಪುರದಿಂದ ಚೀಲ ಹೊತ್ತು ಬಂದೆ. ಅಂಗಳದಲ್ಲಿ ಆರೂ ಆಯಿಯರು ಸಾಲಾಗಿ ಕೂತಿದ್ದರು, ಸೆರಗು ಬಾಯಿಗಿಟ್ಟುಕೊಂಡು. ಗಂಡ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮಗಳು ಕಂಬಕ್ಕೆ ಒರಗಿದ್ದಳು.

ಚೀಲ ಕೆಳಗಿಟ್ಟೆ. ಗೋಡೆ ನೋಡಿದೆ.

"ಕೇಳವ್ವ, ಕೇಳು," ಎಂದರು ಹಿರೇ ಆಯಿ.

"ಕೇಳಂಗಿಲ್ಲ," ಎಂದೆ.

"ಅವ್ವಾ, ಇವತ್ತೊಂದಿನ ಕೇಳು. ನಾನೇ ಹೇಳಾಕತ್ತೇನಿ," ಎಂದಳು ಮಗಳು.

"ಪೂರ್ತಿ ಬಿಟ್ಟೇನಿ. ಆಯಿ ಮುಂದ ಮತ್ತ ಬೈಸಿಕೊಳ್ಳಾಕ ನಾ ತಯಾರಿಲ್ಲ. ಹೇಳೂದಿದ್ದರ ನೀನ ಹೇಳು."

"ಈಕಿ ಹಟ ನೋಡ್ರಿ!" ಎಂದು ಮೂಲೆ ಕೋಣೆಯ ಆಯಿ ಹಣೆ ಬಡಿದುಕೊಂಡರು.

"ಅರೇ ಹೋ ಗಯಾ!" ಎಂದು ಮಗಳು ಕೂಗಿದಳು. "ನಾಲ್ಕನೇದು. ಆಗೇತಿ ಅವ್ವಾ, ಪೂರ್ತಿ ಫೆಲೋಶಿಪ್ ಜೊತೆ. ಬೆಳಿಗ್ಗೆ ಹತ್ತಕ್ಕ ಬಂತು. ನೀನು ಕೇಳತೀ, ಕೇಳತೀ ಅಂತ ನಾನು ಕಾಯಾಕತ್ತಿ ಮೂರು ತಾಸಾತು!"

ಆಮೇಲೆ ಅಂಗಳದಲ್ಲಿ ಆದ ಗದ್ದಲದಲ್ಲಿ ಯಾರು ಯಾರನ್ನು ಅಪ್ಪಿಕೊಂಡರೋ ತಿಳಿಯಲಿಲ್ಲ. ಹಿರೇ ಆಯಿ ಮಗಳ ಗಲ್ಲ ಹಿಡಿದು, ಅಲ್ಲಿ ನದಿ ಐತೇನು ಎಂದು ಕೇಳುತ್ತಿದ್ದರು. ನಾನು ಕಣ್ಣೊರೆಸಿಕೊಂಡು ಅವಳನ್ನು ಪಕ್ಕಕ್ಕೆ ಎಳೆದೆ. ಸಂತೋಷ ಬೇರೆ, ವ್ಯವಹಾರ ಬೇರೆ.

"ಉತ್ತರ ಕೊಡಾಕ ಎಷ್ಟು ದಿನ ಐತಿ?"

"ಹದಿನೈದು ದಿನ."

"ಹಂಗಾರ ಲಗೂನ ಹ್ಞೂಂ ಅನಬ್ಯಾಡ. ನಾಲ್ಕು ದಿನ ಸುಮ್ಮನಿರು. ಇಷ್ಟು ತಿಂಗಳ ನಮ್ಮನ್ನ ಕಾಯಿಸ್ಯಾರ, ಅವರೂ ಸ್ವಲ್ಪ ಕಾಯಲಿ. ಅಷ್ಟರಾಗ ಮತ್ತೇನರ ಕೊಡತೇವಿ ಅಂತಾರ ನೋಡು."

ಮಗಳು ತುಟಿ ಕಚ್ಚಿಕೊಂಡು ಅಪ್ಪನ ಕಡೆ ನೋಡಿದಳು. ಅಪ್ಪ ಒಲೆಯ ಕಡೆ ತಿರುಗಿದರು.

"ಹತ್ತೂ ಐದಕ್ಕ ಹ್ಞೂಂ ಅಂತ ಕಳಿಸಿಬಿಟ್ಟೇನಿ ಅವ್ವಾ," ಎಂದಳು.