ಅಪ್ಪ ಮಾಡುತ್ತಿದ್ದ ಮಣ್ಣೆತ್ತು

ಮದುವೆಯೊಂದಕ್ಕೆಂದು ಬೆಂಗಳೂರಿಗೆ ಹೋಗಿದ್ದ ನಾನೂ ಅಕ್ಕನೂ, ಊರಿನ ರೈಲಿಗೆ ಇನ್ನೂ ಸಾಕಷ್ಟು ಹೊತ್ತಿದ್ದುದರಿಂದ, ಅಲ್ಲಿನ ಆಧುನಿಕ ಕಲೆಯ ಸಂಗ್ರಹಾಲಯಕ್ಕೆ ಹೋದೆವು. ಹೋಗೋಣವೆಂದದ್ದು ನಾನು. ರೋಣದಲ್ಲಿ ಕನ್ನಡ ಕಲಿಸಿ ನಿವೃತ್ತನಾದ ನನಗೆ ಇಂಥ ಜಾಗ ನೋಡುವ ಹಂಬಲ ಮೊದಲಿನಿಂದಲೂ ಇತ್ತು. ಗಜೇಂದ್ರಗಡಕ್ಕೆ ಕೊಟ್ಟ ಅಕ್ಕನಿಗೆ ಬಿಸಿಲು ತಪ್ಪಿದರೆ ಸಾಕಾಗಿತ್ತು.

ಒಳಗಿನ ಕೋಣೆಯ ನಡುವೆ, ಕಟ್ಟೆಯ ಮೇಲೆ, ಸುಟ್ಟ ಮಣ್ಣಿನ ಮುದ್ದೆಯಂಥದೊಂದು ಇತ್ತು. ಬೆನ್ನ ಮೇಲೊಂದು ಉಬ್ಬು, ಕೆಳಗೆ ಮೋಟು ಕಾಲು, ಮುಖವೇ ಇಲ್ಲ. ಕೆಳಗಿನ ಚೀಟಿಯಲ್ಲಿ 'ಎತ್ತು' ಎಂದು ಬರೆದಿತ್ತು. ಅಕ್ಕ ಬಗ್ಗಿ ನೋಡಿದಳು, ಒಂದು ಸುತ್ತು ಹಾಕಿದಳು, ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು.

"ತಮ್ಮಾ, ಇದು ನಮ್ಮಪ್ಪ ಮಾಡಿದ್ದಲ್ಲೇನೋ?"

ನನಗೂ ನಗು ತಡೆಯಲಾಗಲಿಲ್ಲ. ಕಾವಲಿನವನು ಹತ್ತಿರ ಬಂದು ನಿಂತಾಗ ಇಬ್ಬರೂ ಗೋಡೆ ಬದಿಯ ಬೆಂಚಿಗೆ ಹೋಗಿ ಕೂತೆವು.

ಸವಡಿಯ ನಮ್ಮ ಮನೆಯಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ಪೂಜೆಯ ಜೋಡಿ ಎತ್ತು ಮಾಡುವುದು ಅಪ್ಪನ ಕೆಲಸ. ಬಿತ್ತಿಗೆಯಲ್ಲಿ ಊರೇ ಮೆಚ್ಚುವ ಕೈ ಅದು, ಹಸಿಮಣ್ಣು ಹಿಡಿದರೆ ಮಾತ್ರ ಸೋಲುತ್ತಿತ್ತು. ಹಳ್ಳದ ದಂಡೆಯ ಜಿಗಟು ಮಣ್ಣು ತಂದು ನಾದಿ, ಪಡಸಾಲೆಯಲ್ಲಿ ಕೂತು, ನಾಲಿಗೆ ಕಚ್ಚಿಕೊಂಡು ತಿದ್ದಿದ್ದೇ ತಿದ್ದಿದ್ದು. ಕೊನೆಗೆ ಉಳಿಯುತ್ತಿದ್ದುದು ಎರಡು ಮುದ್ದೆ. ಕೋಡು ಒಣಗುವ ಮೊದಲೇ ಬಿದ್ದುಹೋಗುತ್ತಿದ್ದವು. ಪಕ್ಕದ ಮನೆಯ ಕಾಕಾ ಮಾಡಿದವಾದರೆ ಖರೇ ಹೋರಿಗಳ ಹಾಗೆ: ಬಾಗಿದ ಕೋಡು, ಗುಲಗಂಜಿ ಕಣ್ಣು, ಕೊರಳಿಗೆ ಗೆಜ್ಜೆಸರದ ಗೆರೆ. ಓಣಿಯ ಹುಡುಗರು ನಮ್ಮ ದೇವರ ಜಗಲಿಗೆ ಇಣುಕಿ, ಇವು ಎತ್ತೋ ಎಮ್ಮೆಯೋ ಎಂದು ಕೇಳಿ ಓಡುತ್ತಿದ್ದರು. ಅಪ್ಪನಿಗೆ ಅದರ ಖಬರೇ ಇರಲಿಲ್ಲ.

ಒಂದು ವರ್ಷ ಅಮಾವಾಸ್ಯೆಯ ಹೊತ್ತಿಗೆ ಅಪ್ಪ ಹೊಟ್ಟೆಯ ಆಪರೇಷನ್ ಆಗಿ ಹುಬ್ಬಳ್ಳಿಯ ದವಾಖಾನೆಯಲ್ಲಿದ್ದ. ಅವ್ವ ಕಾಕಾನಿಗೆ ಹೇಳಿಕಳಿಸಿದಳು. ಅವನು ಮಾಡಿಕೊಟ್ಟ ಜೋಡಿಯನ್ನು ಅಕ್ಕ ಹಲಗೆಯ ಮೇಲಿಟ್ಟುಕೊಂಡು, ಓಣಿಯೆಲ್ಲ ನೋಡುವ ಹಾಗೆ ನಿಧಾನಕ್ಕೆ ನಡೆದು ತಂದಳು. ಎಂಥ ಹಿಗ್ಗು ನಮಗೆ! ಅವ್ವ ಅವನ್ನು ಜಗಲಿಯ ಮೇಲಿಟ್ಟಳು. ಕುಂಕುಮ ಹಚ್ಚಲು ಕೈ ಚಾಚಿದವಳು ಹಾಗೇ ಕೂತುಬಿಟ್ಟಳು.

"ಭಾಳ ಚಲೋ ಅದಾವ. ಆದ್ರ ಇವು ನಮ್ಮನಿ ಎತ್ತಲ್ಲ."

ಕಾಕಾನ ಮನೆಯಿಂದ ಉಳಿದ ಮಣ್ಣು ತರಿಸಿ ತಾನೇ ಮಾಡಲು ಕೂತಳು. ಅವ್ವನ ರಂಗೋಲಿಯಲ್ಲಿ ಒಂದು ಎಳೆ ಸೊಟ್ಟ ಇರುತ್ತಿರಲಿಲ್ಲ. ಆ ಕೈಯಿಂದ ಅವಳು ಬೇಕೆಂದೇ ಅಪ್ಪನಂಥ ಮುದ್ದೆಗಳನ್ನು ಒತ್ತಿದಳು, ಅವನ ಹಾಗೇ ಭುಜ ದಪ್ಪ, ಕಾಲು ಗಿಡ್ಡ. ಅಕ್ಕ ಅಳುವುದೊಂದೇ ಬಾಕಿ. ಅಷ್ಟರಲ್ಲಿ ಒಂದು ಕೋಡು ತಾನಾಗಿಯೇ ಕಳಚಿ ಬಿತ್ತು. ಮೊದಲು ನಕ್ಕವಳೂ ಅಕ್ಕನೇ. ಕಾಕಾನ ಜೋಡಿ, ಅವ್ವನ ಜೋಡಿ ಎರಡಕ್ಕೂ ಕಡುಬಿನ ಎಡೆಯಾಯಿತು. ಉಣ್ಣಲು ಕೂತಾಗ ಅಪ್ಪ ಪಡಸಾಲೆಯಲ್ಲೇ ಇದ್ದಾನೆ ಅನ್ನಿಸಿತು ನನಗೆ.

ಮುಂದೆ ಅಪ್ಪ ಮನೆಗೆ ಬಂದ. ಜಗಲಿಗೆ ಕೈಮುಗಿದು, ಕಾಕಾನ ಎತ್ತುಗಳನ್ನು ಬಾಯಿ ತುಂಬ ಹೊಗಳಿದ. ಆಮೇಲೆ ಒಂದು ಮುದ್ದೆಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದ.

"ಇವನ್ಯಾರ ಮಾಡ್ಯಾರ? ಒಂದ ಹದ ಇಲ್ಲ, ಏನಿಲ್ಲ."

ಅವ್ವ ಕಂಬಕ್ಕೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಪ್ಪ ತನ್ನ ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು, ಏನಾಯಿತೆಂದು ತಿಳಿಯದೆ, ಒಬ್ಬೊಬ್ಬರ ಮುಖವನ್ನೂ ನೋಡುತ್ತ ತಾನೂ ನಗತೊಡಗಿದ.

ಬೆಂಚಿನ ಮೇಲೆ ಇದನ್ನೆಲ್ಲ ಮಾತಾಡಿ ಮುಗಿದ ಮೇಲೆ, ಹಾಗಾದರೆ ಇಲ್ಲಿಟ್ಟಿರುವುದು ಕಲೆ ಹೌದೋ ಅಲ್ಲವೋ ಎಂದು ಅಕ್ಕನನ್ನು ಕೇಳಿದೆ.

"ಅದನ್ನ ಮಾಡಿದವ್ರ ಮನಿಯವ್ರನ್ನ ಕೇಳಬೇಕ ನೋಡು," ಅಂದಳು.

ಮನೆಯವರಿಗಷ್ಟೇ ತಿಳಿಯುವುದಾದರೆ ಊರ ಮಂದಿಗೆ ಯಾಕೆ ತೋರಿಸಬೇಕು ಎಂದು ನಾನು ವಾದಕ್ಕೆ ಬಿದ್ದೆ. ಅಪ್ಪ ಚೆಂದ ಮಾಡಲು ಹೋಗಿ ಸೋತವನು, ಈ ಕಲಾವಿದ ಬೇಕೆಂದೇ ಹೀಗೆ ಮಾಡಿದವನು, ಎರಡೂ ಒಂದೇ ಹೇಗಾದೀತು ಎಂದೆ. ಹಾಗೆನ್ನುವಾಗಲೇ, ಅವ್ವ ಮಾಡಿದ್ದೂ ಬೇಕೆಂದೇ ಅಲ್ಲವೇ ಎಂದು ಹೊಳೆಯಿತು.

ಅಕ್ಕ ಅಷ್ಟರಲ್ಲಿ ಎದ್ದು ಪಕ್ಕದ ಕೋಣೆಗೆ ಹೋಗಿದ್ದಳು. ಅಲ್ಲಿ ಗೋಡೆಯುದ್ದದ ಒಂದು ಚಿತ್ರ, ಬರೀ ನೀಲಿ ಬಣ್ಣ. ಅದರ ಮುಂದೆ ಚಪ್ಪಲಿ ಬದಿಗೆ ಬಿಟ್ಟು ನಿಂತಿದ್ದಳು. ರೈಲಿಗೆ ಹೊತ್ತಾಯಿತೆಂದು ಕರೆದೆ.

"ತಡಿಯೋ, ನೋಡಾಕತ್ತೇನಿ," ಅಂದಳು.